ಸಿದ್ಧಾಂತ ಬಿತ್ತು, ಊಟ ಉಳಿಯಿತು

1941ರ ಮಾರ್ಚ್ ತಿಂಗಳು. ರಸಾಯನಶಾಸ್ತ್ರದ ನಿಕಲ್ಸ್ ಪದಕ ಸ್ವೀಕರಿಸಲು ನ್ಯೂಯಾರ್ಕ್‌ನ ಔತಣಕೂಟಕ್ಕೆ ಬಂದಿದ್ದ ಲೈನಸ್ ಪಾಲಿಂಗ್ ಅವರ ಮುಖ ಬಾತುಕೊಂಡಿತ್ತು. ವಯಸ್ಸು ಬರೀ ನಲವತ್ತು. ರಾಕ್‌ಫೆಲರ್ ಸಂಸ್ಥೆಯ ವೈದ್ಯರು ಪರೀಕ್ಷಿಸಿ ‘ಬ್ರೈಟ್ಸ್ ಡಿಸೀಸ್’ ಎಂದರು. ರಕ್ತ ಸೋಸುವ ಕಿಡ್ನಿಯ ಜಾಲವೇ ಹಾಳಾಗುವ ಕಾಯಿಲೆ ಅದು. ಡಯಾಲಿಸಿಸ್ ಯಂತ್ರ ಇನ್ನೂ ಬಂದಿರಲಿಲ್ಲ. ಹಾಲೆಂಡಿನ ವಿಲ್ಲೆಮ್ ಕೋಲ್ಫ್ ಅದನ್ನು ರೋಗಿಗಳಿಗೆ ಹಚ್ಚಿ ನೋಡಿದ್ದು 1943ರಲ್ಲಿ. ಕಿಡ್ನಿ ಕಸಿ ಇನ್ನೂ ಯಶಸ್ವಿಯಾಗಿರಲಿಲ್ಲ. ವೈದ್ಯರ ಕೈಯಲ್ಲಿ ಉಳಿದಿದ್ದು ಊಟ ಒಂದೇ, ಅದನ್ನೂ ನಂಬುತ್ತಿದ್ದವರು ಕಡಿಮೆ.

ಕಾಯಿಲೆಗೆ ಹೆಸರು ಬಂದದ್ದು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಅವರಿಂದ. ಮೈ ಊದಿಕೊಂಡ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದ ಬತ್ತಿಗೆ ಕಾಯಿಸಿದರೆ ಅದು ಬೆಂದ ಮೊಟ್ಟೆಯ ಬಿಳಿಯ ಹಾಗೆ ಹೆಪ್ಪುಗಟ್ಟುತ್ತಿತ್ತು. ದೇಹದ ಪ್ರೋಟೀನು ಸೋರಿ ಹೋಗುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. 1827ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆಮೇಲಿನ ನೂರು ವರ್ಷ ವೈದ್ಯರು ಎರಡು ಪಂಗಡವಾದರು. ಸೋರಿ ಹೋದದ್ದನ್ನು ತುಂಬಿಕೊಡಲು ಮಾಂಸ ಹೆಚ್ಚು ತಿನ್ನಿಸಿ ಎಂದರು ಕೆಲವರು. ಮಾಂಸ ನಿಲ್ಲಿಸಿ ಎಂದರು ಇನ್ನು ಕೆಲವರು. ರೋಗಿಯ ತಟ್ಟೆಗೆ ಏನು ಬೀಳುತ್ತದೆ ಎಂಬುದು ಅವನು ಯಾವ ವೈದ್ಯರ ಬಾಗಿಲು ತಟ್ಟಿದ್ದಾನೆ ಎಂಬುದರ ಮೇಲೆ ನಿಂತಿತ್ತು.

ಪಾಲಿಂಗ್ ಹೋಗಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಥಾಮಸ್ ಆ್ಯಡಿಸ್ ಬಳಿಗೆ. ಎಡಿನ್‌ಬರೋದಲ್ಲಿ ಓದಿ 1911ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಸ್ಕಾಟ್ಲೆಂಡಿನವರು. ಇಲಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ ಅವರು ಒಂದು ಸಿದ್ಧಾಂತ ಕಟ್ಟಿಕೊಂಡಿದ್ದರು. ನಾವು ತಿಂದ ಪ್ರೋಟೀನು ಒಡೆದು ಯೂರಿಯಾ ಆಗುತ್ತದೆ. ಯೂರಿಯಾವನ್ನು ಹೊರಹಾಕುವುದೇ ಕಿಡ್ನಿಯ ದೊಡ್ಡ ಚಾಕರಿ. ನೊಂದ ಕಿಡ್ನಿಗೆ ಚಾಕರಿ ಕಡಿಮೆ ಮಾಡಿದರೆ ಅದು ದಣಿವಾರಿಸಿಕೊಳ್ಳುತ್ತದೆ. ಹಾಗಾಗಿ ದೇಹಕ್ಕೆ ಬೇಕಾದಷ್ಟೇ ಪ್ರೋಟೀನು, ಅದಕ್ಕಿಂತ ಒಂದು ಗ್ರಾಮೂ ಹೆಚ್ಚಿಲ್ಲ, ಉಪ್ಪಿಲ್ಲ, ವಿಟಮಿನ್ ಮತ್ತು ಧಾರಾಳ ನೀರು. (ನೀರಿನ ಮಾತು ಪಾಲಿಂಗ್‌ಗೆ ಹೇಳಿದ್ದು. ಮೂತ್ರ ಕಡಿಮೆಯಾದವರಿಗೆ ಅದೇ ಸಲಹೆ ಅಪಾಯ.)

ಈ ಪಥ್ಯವನ್ನು ನಡೆಸಿದವರು ಪತ್ನಿ ಆವಾ ಹೆಲೆನ್. ಯಾವ ಪದಾರ್ಥದಲ್ಲಿ ಎಷ್ಟು ಪ್ರೋಟೀನು ಎಂದು ಲೆಕ್ಕ ಹಾಕಿ, ತೂಗಿ, ದಿನದ ಮಿತಿ ಮೀರದಂತೆ ಅಡುಗೆ ಮಾಡಿದರು. ತಿಂಗಳುಗಳಲ್ಲಿ ಬಾವು ಇಳಿಯಿತು. ಪಾಲಿಂಗ್ ಹದಿನಾಲ್ಕು ಹದಿನೈದು ವರ್ಷ ಇದೇ ಊಟದಲ್ಲಿದ್ದರು, ಆ ನಡುವೆ 1954ರ ನೊಬೆಲ್ ಪಡೆದರು, 1994ರಲ್ಲಿ 93ನೇ ವಯಸ್ಸಿಗೆ ತೀರಿಕೊಂಡರು. ಒಬ್ಬರ ಕತೆಯಿಂದ ವಿಜ್ಞಾನ ಸಾಬೀತಾಗುವುದಿಲ್ಲ, ನಿಜ. ಆದರೆ ಈ ಚಿಕಿತ್ಸೆಯ ಶ್ರೇಯಸ್ಸನ್ನು ಆ್ಯಡಿಸ್ ಒಬ್ಬರ ಹೆಸರಿಗೆ ಬರೆಯುವುದು ನನಗೆ ಸರಿಕಾಣುವುದಿಲ್ಲ. ಚೀಟಿ ಬರೆದದ್ದು ಒಂದು ದಿನದ ಕೆಲಸ, ತಕ್ಕಡಿ ಹಿಡಿದದ್ದು ಹದಿನಾಲ್ಕು ವರ್ಷದ್ದು.

ತಮಾಷೆಯೆಂದರೆ ಆ್ಯಡಿಸ್ ಕೊಟ್ಟ ಕಾರಣ ನಿಲ್ಲಲಿಲ್ಲ. ಯೂರಿಯಾ ಹೊರಹಾಕಲು ಕಿಡ್ನಿ ಅವರು ಎಣಿಸಿದಂತೆ ಬೆವರು ಸುರಿಸುವುದಿಲ್ಲ ಎಂದು ಶರೀರವಿಜ್ಞಾನಿಗಳು ತೋರಿಸಿದರು. ಸಿದ್ಧಾಂತದ ಜೊತೆ ಊಟವನ್ನೂ ಮೂಲೆಗೆ ಸರಿಸಿದರು. ಆದರೆ 1982ರಲ್ಲಿ ಕಿಡ್ನಿ ತಜ್ಞ ಬ್ಯಾರಿ ಬ್ರೆನ್ನರ್ ಮತ್ತು ಸಂಗಡಿಗರು ಬೇರೆ ದಾರಿಯಿಂದ ಅಲ್ಲಿಗೇ ಬಂದು ಮುಟ್ಟಿದರು. ಪ್ರೋಟೀನು ಹೆಚ್ಚಿದ್ದಷ್ಟೂ ಕಿಡ್ನಿಯ ಸೋಸುವ ಜಾಲಕ್ಕೆ ರಕ್ತ ನುಗ್ಗಿ ಒತ್ತಡ ಏರುತ್ತದೆ. ಜಾಲದ ಬಹುಪಾಲು ಸತ್ತಿದ್ದರೆ ಉಳಿದ ಕೆಲವೇ ಎಳೆಗಳು ಅಷ್ಟೂ ಒತ್ತಡ ತಡೆದು ಒಂದೊಂದಾಗಿ ಗಡುಸಾಗುತ್ತವೆ.

ಪಾಲಿಂಗ್ ಲೆಕ್ಕದ ಊಟ ಮಾಡುತ್ತಿದ್ದ ಕಾಲದಲ್ಲೇ ನಾರ್ತ್ ಕ್ಯಾರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕೆಂಪ್ನರ್ ಅನ್ನದ ಪಥ್ಯ ನಡೆಸುತ್ತಿದ್ದರು. ಹಿಟ್ಲರನ ಜರ್ಮನಿ ಬಿಟ್ಟು ಬಂದ ವೈದ್ಯರು. ಅನ್ನ, ಹಣ್ಣು, ಹಣ್ಣಿನ ರಸ, ಸಕ್ಕರೆ, ಅಷ್ಟೇ. ಉಪ್ಪು ಹೆಸರಿಗೂ ಇಲ್ಲ, ದಿನಕ್ಕೆ ಪ್ರೋಟೀನು ಸುಮಾರು 20 ಗ್ರಾಂ. 1942ರಲ್ಲಿ 33 ವರ್ಷದ ಒಬ್ಬ ರೋಗಿಗೆ ಎರಡು ವಾರ ಬಿಟ್ಟು ಬಾ ಎಂದರಂತೆ. ಅವರ ಜರ್ಮನ್ ಉಚ್ಚಾರ ಅರ್ಥವಾಗದೆ ಆಕೆ ಬಂದದ್ದು ಎರಡು ತಿಂಗಳಿಗೆ. ಅಷ್ಟು ದಿನವೂ ಬರೀ ಅನ್ನ ಹಣ್ಣು ತಿಂದಿದ್ದ ಆಕೆಯ ರಕ್ತದೊತ್ತಡ ಇಳಿದಿತ್ತು, ಕಣ್ಣಿನ ಹಿಂಬದಿಯ ಬಾವು ಮಾಯವಾಗಿತ್ತು, ಹಿಗ್ಗಿದ್ದ ಹೃದಯ ಕುಗ್ಗಿತ್ತು. ರಕ್ತದೊತ್ತಡಕ್ಕೆ ಹೇಳಿಕೊಳ್ಳುವ ಗುಳಿಗೆಯೇ ಇಲ್ಲದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ದಿನವೂ ಮೂರು ಹೊತ್ತು ಸಪ್ಪೆ ಅನ್ನ ಯಾರು ತಿಂದಾರು? ಪಥ್ಯ ಮುರಿದವರನ್ನು ಕೆಂಪ್ನರ್ ಗದರುತ್ತಿದ್ದರು. ಕೆಲವರಿಗೆ ಚಾಟಿಯಲ್ಲಿ ಹೊಡೆದಿದ್ದನ್ನೂ ವರ್ಷಗಳ ನಂತರ ಮೊಕದ್ದಮೆಯೊಂದರಲ್ಲಿ ಒಪ್ಪಿಕೊಂಡರು. ಚಾಟಿ ಬೇಕಾಗುವ ಊಟವನ್ನು ಚಿಕಿತ್ಸೆ ಎಂದು ಕರೆಯಲು ನನಗಂತೂ ಮನಸ್ಸು ಬಾರದು.

ಬಾಯಿಗೆ ಒಗ್ಗುವ ಊಟ ಸಿಕ್ಕಿದ್ದು ಇಟಲಿಯಲ್ಲಿ. 1963ರಲ್ಲಿ ನೇಪಲ್ಸ್‌ನ ಕಾರ್ಮೆಲೊ ಜಿಯೊರ್ಡಾನೊ ಹೀಗೆ ವಾದಿಸಿದರು: ದೇಹ ತಾನೇ ತಯಾರಿಸಿಕೊಳ್ಳಲಾಗದ ಅಮೈನೊ ಆಮ್ಲಗಳನ್ನು ಮಾತ್ರ ಊಟದಲ್ಲಿ ಕೊಡಿ, ಹೊಟ್ಟೆ ತುಂಬ ಶಕ್ತಿ ಕೊಡಿ; ಉಳಿದದ್ದನ್ನು ದೇಹ ರಕ್ತದಲ್ಲೇ ಬಿದ್ದಿರುವ ಯೂರಿಯಾದಿಂದ ಕಟ್ಟಿಕೊಳ್ಳುತ್ತದೆ. ಮರುವರ್ಷ ಪೀಸಾ ನಗರದ ಸೆರ್ಜಿಯೊ ಜಿಯೊವನ್ನೆಟ್ಟಿ ಮತ್ತು ಕ್ವಿರಿನೊ ಮಜ್ಜೊರೆ ಅದನ್ನು ನಿಜವಾದ ಊಟವಾಗಿ ಇಳಿಸಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ದಿನಕ್ಕೆ ಇಪ್ಪತ್ತು ಗ್ರಾಂ ಆಸುಪಾಸು ಪ್ರೋಟೀನು, ಅದರ ಮುಖ್ಯ ಭಾಗ ಮೊಟ್ಟೆಯಿಂದ. ಹೊಟ್ಟೆ ತುಂಬಿಸಲು?

ಇಟಲಿಯವರಿಗೆ ಪಾಸ್ತಾ ಇಲ್ಲದೆ ಊಟವಾಗುವುದಿಲ್ಲ. ಆದರೆ ಗೋಧಿಯಲ್ಲೂ ಪ್ರೋಟೀನಿದೆ. ದಿನವೂ ಎರಡು ತಟ್ಟೆ ಸ್ಪಾಗೆಟ್ಟಿ ತಿಂದರೆ ಮೊಟ್ಟೆಗೆ ಜಾಗವೇ ಉಳಿಯದು. ಹಾಗಾಗಿ ಗೋಧಿಯ ಪ್ರೋಟೀನು ತೆಗೆದು ಬರೀ ಪಿಷ್ಟದಿಂದ ಪಾಸ್ತಾ, ಬ್ರೆಡ್ಡು ಮಾಡಿದರು. ಹಿಟ್ಟನ್ನು ಹಿಡಿದಿಡುವುದೇ ಆ ಪ್ರೋಟೀನು. ಅದಿಲ್ಲದ ಹಿಟ್ಟು ಲಟ್ಟಿಸಿದರೆ ಮುರಿಯುತ್ತದೆ, ಬೇಯಿಸಿದರೆ ಅಂಟು ಮುದ್ದೆಯಾಗುತ್ತದೆ. ಅದನ್ನು ಪಳಗಿಸಿ ಸಾಸ್ ಹಿಡಿಯುವ ಪಾಸ್ತಾ ಮಾಡುವುದು ಅಡುಗೆಮನೆಯ ಸಂಶೋಧನೆಯೇ. 1965ರಲ್ಲಿ ಮ್ಯಾಂಚೆಸ್ಟರ್‌ನ ವೈದ್ಯ ಬರ್ಲಿನ್ ಮತ್ತು ಸಂಗಡಿಗರು ಅದೇ ಊಟವನ್ನು ಬ್ರಿಟಿಷರ ಬಾಯಿಗೆ ತಕ್ಕಂತೆ ತಿದ್ದಿದರು. ನಮ್ಮ ಕಡೆ ಅಷ್ಟು ಒದ್ದಾಟ ಬೇಕಿಲ್ಲ. ಸಬ್ಬಕ್ಕಿ, ಅರಾರೂಟು ಹೆಚ್ಚುಕಡಿಮೆ ಶುದ್ಧ ಪಿಷ್ಟ. ಪೀಸಾದವರು ಕಾರ್ಖಾನೆಯಲ್ಲಿ ಹುಡುಕಿದ್ದು ನಮ್ಮ ಕಿರಾಣಿ ಅಂಗಡಿಯ ಡಬ್ಬಿಯಲ್ಲಿದೆ.

ರೋಗಿಗಳಲ್ಲಾದ ಬದಲಾವಣೆ ಎದ್ದು ಕಂಡಿತು. ಕಿಡ್ನಿ ಸೋತಾಗ ಬಾಯಿಂದ ಅಮೋನಿಯ ವಾಸನೆ ಬರುತ್ತದೆ, ನಾಲಿಗೆಗೆ ಲೋಹದ ರುಚಿ, ವಾಂತಿ, ಬಿಕ್ಕಳಿಕೆ, ತುರಿಕೆ. ಊಟ ಕಂಡರೆ ಆಗುವುದಿಲ್ಲ. ಈ ಪಥ್ಯದಲ್ಲಿ ಹಲವರಿಗೆ ವಾಂತಿ ನಿಂತಿತು, ಹಸಿವು ಮರಳಿತು. ಊಟವನ್ನು ಕಿತ್ತುಕೊಂಡ ಪಥ್ಯವೇ ಊಟದ ಆಸೆಯನ್ನು ವಾಪಸು ಕೊಟ್ಟಿತು.

ಇಲ್ಲೂ ಹಳೆಯ ಕತೆಯೇ ಆಯಿತು. ಗುರುತು ಹಚ್ಚಿದ ಸಾರಜನಕ ಬಳಸಿ 1970ರ ದಶಕದಲ್ಲಿ ಅಳೆದಾಗ, ದೇಹ ಯೂರಿಯಾವನ್ನು ಮರುಬಳಕೆ ಮಾಡಿಕೊಳ್ಳುವುದು ತೀರಾ ಅಲ್ಪ ಎಂದು ತಿಳಿಯಿತು. ಜಿಯೊರ್ಡಾನೊ ವಾದ ಬಿತ್ತು, ಮೊಟ್ಟೆ ಮತ್ತು ಪಿಷ್ಟದ ಊಟ ನಿಂತಿತು. ಊಟ ಕೆಲಸ ಮಾಡಿದ್ದು ವಿಷವಸ್ತುಗಳು ಹುಟ್ಟುವುದೇ ಕಡಿಮೆಯಾದ್ದರಿಂದ. ಹಾಗಂತ ಪ್ರೋಟೀನು ಇಳಿಸುವುದು ಮಂತ್ರದಂಡವೂ ಅಲ್ಲ. 1994ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆ, ಕಿಡ್ನಿ ಹಾಳಾಗುವ ವೇಗ ತಗ್ಗುತ್ತದೆ ಎಂದು ಖಚಿತವಾಗಿ ತೋರಿಸಲಿಲ್ಲ. ಅದರ ಲಾಭ ಎಷ್ಟು ಎಂಬ ಜಗಳ ಇವತ್ತಿಗೂ ಮುಗಿದಿಲ್ಲ.

ಆಮೇಲಿನ ಆವಿಷ್ಕಾರಗಳು ಇನ್ನೂ ಸಣ್ಣವು, ನನ್ನ ಪ್ರಕಾರ ಇನ್ನೂ ಉಪಯೋಗದವು. ಆಲೂಗಡ್ಡೆಯದನ್ನೇ ತೆಗೆದುಕೊಳ್ಳಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪುತ್ತದೆ, ಅದಕ್ಕೇ ತರಕಾರಿಯನ್ನು ಹೆಚ್ಚಿ ನೀರಲ್ಲಿ ನೆನೆಹಾಕಿ ಎಂದು ಎಷ್ಟೋ ಕಾಲದಿಂದ ಹೇಳುತ್ತಿದ್ದರು. 2008ರಲ್ಲಿ ವಿಸ್ಕಾನ್ಸಿನ್‌ನ ಪಾಲ್ ಬೆಥ್ಕೆ ಮತ್ತು ಶೆಲ್ಲಿ ಜಾನ್ಸ್ಕಿ ನಿಜವಾಗಿ ಅಳೆದು ನೋಡಿದರು. ಬರೀ ನೆನೆಹಾಕಿದರೆ ಹೇಳಿಕೊಳ್ಳುವಷ್ಟು ಏನೂ ಕಡಿಮೆಯಾಗಲಿಲ್ಲ. ತುಂಡು ಮಾಡಿ ಕುದಿಸಿ ನೀರು ಚೆಲ್ಲಿದರೆ ಅರ್ಧ ಹೋಯಿತು, ತುರಿದು ಕುದಿಸಿದರೆ ಮುಕ್ಕಾಲು ಪಾಲು. ರಾತ್ರಿಯೆಲ್ಲ ಬೋಗುಣಿಯಲ್ಲಿ ಆಲೂಗಡ್ಡೆ ತೇಲಿಸುತ್ತಿದ್ದ ಗೃಹಿಣಿಯರ ಶ್ರಮ ದಂಡ.

ಬಸಿಯುವುದು ನಮಗೆ ಹೊಸದಲ್ಲ. ಹಳೇ ಮೈಸೂರು ಕಡೆ ಸೊಪ್ಪು, ಬೇಳೆ ಬೇಯಿಸಿ ಕಟ್ಟು ಬಸಿದು ಬಸ್ಸಾರು ಮಾಡುತ್ತಾರೆ, ಬೆಂದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ತೊಂದರೆಯೆಂದರೆ ಪೊಟ್ಯಾಸಿಯಂ ಇಳಿಯುವುದು ಆ ಕಟ್ಟಿಗೇ. ಪೊಟ್ಯಾಸಿಯಂ ಏರಿದವರಿಗೆ ಪಲ್ಯ ಬಡಿಸಿ, ಸಾರು ಉಳಿದವರು ಉಣ್ಣಬೇಕು. ಬಸ್ಸಾರಿನ ಊರಿನವರಿಗೆ ಇದಕ್ಕಿಂತ ಕಠೋರ ಶಿಕ್ಷೆ ಇಲ್ಲ, ಬಲ್ಲೆ. ಆದರೂ ಎಲ್ಲವನ್ನೂ ಒಳಗೇ ಉಳಿಸಿಕೊಳ್ಳುವ ಕುಕ್ಕರಿಗಿಂತ ಅಜ್ಜಿಯ ತಪ್ಪಲೆ ಇಲ್ಲಿ ವಾಸಿ. ವರದಿಯಲ್ಲಿ ಪೊಟ್ಯಾಸಿಯಂ ಸರಿಯಿದ್ದವರು ಈ ಯಾವ ಹಿಂಸೆಯನ್ನೂ ಪಡಬೇಕಿಲ್ಲ. ಕಿಡ್ನಿ ಎಂದೊಡನೆ ಹಣ್ಣು ತರಕಾರಿಯನ್ನೆಲ್ಲ ನಿಲ್ಲಿಸುವ ಮನೆಗಳಿಗೆ ಇದನ್ನು ಗಟ್ಟಿಯಾಗಿ ಹೇಳಬೇಕು.

ಬೇಳೆಗೂ ಹೀಗೇ ಅನ್ಯಾಯವಾಗಿತ್ತು. ರಂಜಕ (ಫಾಸ್ಫರಸ್) ಹೆಚ್ಚೆಂದು ಕಾಳು, ಬೇಳೆ ನಿಷಿದ್ಧವಾಗಿದ್ದವು. 2011ರಲ್ಲಿ ಇಂಡಿಯಾನಾದ ಶರೋನ್ ಮೋ ಒಂಬತ್ತು ರೋಗಿಗಳಿಗೆ ಒಂದು ವಾರ ಸಸ್ಯಾಹಾರ, ಒಂದು ವಾರ ಮಾಂಸಾಹಾರ ಕೊಟ್ಟರು. ಎರಡರಲ್ಲೂ ರಂಜಕ ಸಮ. ಆದರೂ ಸಸ್ಯಾಹಾರದ ವಾರದಲ್ಲಿ ರಕ್ತದ ರಂಜಕ ಕಡಿಮೆಯಿತ್ತು. ಕಾಳಿನ ರಂಜಕ ಫೈಟೇಟ್ ರೂಪದಲ್ಲಿ ಬಂಧಿಯಾಗಿರುತ್ತದೆ, ಅದನ್ನು ಒಡೆಯುವ ಕಿಣ್ವ ನಮ್ಮ ಕರುಳಿನಲ್ಲಿ ಹೆಚ್ಚಿಲ್ಲ. ಕೋಲಾ, ಸಂಸ್ಕರಿಸಿದ ಮಾಂಸಕ್ಕೆ ಬೆರೆಸುವ ಫಾಸ್ಫೇಟ್ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಹುರಳಿಯನ್ನು ದೂರಿ ಕೋಲಾವನ್ನು ಬಿಟ್ಟಿದ್ದೆವು.

ಉಪ್ಪಿನ ಸಂಗತಿ ನಾಲಿಗೆಗೆ ಬಿಟ್ಟದ್ದು. ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದವರು 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ತಿಂಗಳು ಉಪ್ಪು ಇಳಿಸಿಕೊಂಡವರು ಮೊದಲು ಇಷ್ಟಪಡುತ್ತಿದ್ದ ಸೂಪಿಗಿಂತ ಕಡಿಮೆ ಉಪ್ಪಿನದನ್ನೇ ರುಚಿ ಎನ್ನತೊಡಗಿದರು. ಆ ತಿಂಗಳುಗಳನ್ನು ದಾಟಿಸಲು ನಮ್ಮಲ್ಲಿ ಇಂಗು, ಸಾಸಿವೆ, ಕರಿಬೇವು, ಮೆಣಸು, ನಿಂಬೆಹುಳಿ ಇವೆ. ಅಂಗಡಿಯ ‘ಕಡಿಮೆ ಸೋಡಿಯಂ ಉಪ್ಪು’ ಮಾತ್ರ ಬೇಡ, ಅದರಲ್ಲಿ ಸೋಡಿಯಂ ಬದಲು ಬೆರೆಸಿರುವುದು ಪೊಟ್ಯಾಸಿಯಂ.

ಡಯಾಲಿಸಿಸ್ ಶುರುವಾದರೆ ಪಥ್ಯದ ಪುಸ್ತಕವನ್ನು ತಿರುಗಿಸಿ ಹಿಡಿಯಬೇಕು. ಪ್ರತಿ ಸಲ ಯಂತ್ರದಲ್ಲಿ ಅಮೈನೊ ಆಮ್ಲಗಳೂ ಸೋರಿ ಹೋಗುತ್ತವೆ. ಅಲ್ಲಿಯವರೆಗೆ ಕೆಜಿ ತೂಕಕ್ಕೆ 0.6 ಅಥವಾ 0.8 ಗ್ರಾಂ ಪ್ರೋಟೀನಿನಲ್ಲಿ ಇದ್ದವರಿಗೆ ಈಗ 1.0ರಿಂದ 1.2 ಗ್ರಾಂ ಬೇಕು. ವರ್ಷಗಟ್ಟಲೆ ಅಳೆದು ಬಡಿಸಿದ ಮನೆಯವರಿಗೆ ದಿನಾ ಮೊಟ್ಟೆಯ ಬಿಳಿ ಕೊಡಿ ಎಂದರೆ ಡಾಕ್ಟರು ತಪ್ಪು ಹೇಳುತ್ತಿದ್ದಾರೆ ಅನ್ನಿಸುತ್ತದೆ. ತಪ್ಪಲ್ಲ. ಬಿಳಿಯಲ್ಲಿ ಒಳ್ಳೆಯ ಪ್ರೋಟೀನಿದೆ, ರಂಜಕ ತೀರಾ ಕಡಿಮೆ. ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಹೆಚ್ಚಿ ಹಾಕಿ, ಎಣ್ಣೆಯಲ್ಲಿ ಪಲ್ಯದ ಹಾಗೆ ಕೆದಕಿ, ಇಳಿಸುವಾಗ ನಿಂಬೆ ಹಿಂಡಿದರೆ ಉಪ್ಪು ಕಡಿಮೆಯಾದದ್ದು ಗೊತ್ತಾಗುವುದಿಲ್ಲ.