ತೋಟದ ಮರಗೆಲಸಕ್ಕೆ ಮೇಜುಗರಗಸ: ಕೊಳ್ಳುವ ಮೊದಲು ತಿಳಿದಿರಬೇಕಾದ ವಿಚಾರಗಳು

ಕಾಫಿ ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್, ಮನೆಯ ಹಿಂದಿನ ಹಲಸು, ಹೆಬ್ಬಲಸು, ಗಾಳಿಗೆ ಬಿದ್ದ ಮಾವು, ಆಯುಸ್ಸು ತೀರಿದ ಅಡಿಕೆ ಮರ - ಹೀಗೆ ನಮ್ಮ ಸದಸ್ಯರಲ್ಲಿ ಮರಕ್ಕೆ ಬರವಿಲ್ಲ. ಬರವಿರುವುದು ಆಚಾರಿಗಳಿಗೆ. ಒಂದು ದಾರಂದ ಮಾಡಿಸಬೇಕಾದರೂ ತಿಂಗಳುಗಟ್ಟಲೆ ಕಾಯಬೇಕಾದ ಪರಿಸ್ಥಿತಿ ಹಲವು ಊರುಗಳಲ್ಲಿದೆ. ಆದುದರಿಂದ ಮನೆಯಲ್ಲೇ ಸಣ್ಣದೊಂದು ಮರಗೆಲಸದ ಕೊಟ್ಟಿಗೆ ಮಾಡಿಕೊಂಡು ಜೇನುಪೆಟ್ಟಿಗೆ, ಕಿಟಕಿ, ಏಣಿ, ರೀಪುಗಳನ್ನು ತಾವೇ ತಯಾರಿಸಲು ಹೊರಟ ಬೆಳೆಗಾರರಿದ್ದಾರೆ. ಅಂಥವರು ಮೊದಲು ಕೇಳುವುದು ಮೇಜುಗರಗಸದ, ಅಂದರೆ ಟೇಬಲ್ ಸಾ ಯಂತ್ರದ ವಿಚಾರ. ಅದರಲ್ಲೂ ‘ಕ್ಯಾಬಿನೆಟ್’ ಮಾದರಿಯ ಯಂತ್ರವನ್ನು ಆರಿಸುವಾಗ ಏನೇನು ನೋಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಇದು ದಿಮ್ಮಿ ಸೀಳುವ ಯಂತ್ರವಲ್ಲ

ಮೊದಲಿಗೇ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಮೇಜುಗರಗಸದಲ್ಲಿ ದುಂಡು ಮರವನ್ನು ಸೀಳಬಾರದು. ಈ ಯಂತ್ರದಲ್ಲಿ ಮರದ ಒಂದು ಮುಖ ಮೇಜಿನ ಮೇಲೆ, ಒಂದು ಅಂಚು ಪಕ್ಕದ ಫೆನ್ಸಿಗೆ ಸಪಾಟಾಗಿ ಒರಗಿರಬೇಕು. ದುಂಡು ಮರ ಬ್ಲೇಡಿಗೆ ತಗಲಿದೊಡನೆ ಉರುಳುತ್ತದೆ. ಹೀಗೆ ಉರುಳಿದ ಮರ ಕೈಯನ್ನೂ ಎಳೆದುಕೊಂಡು ಹೋಗಬಹುದು. ದಿಮ್ಮಿಯನ್ನು ಪರವಾನಗಿ ಇರುವ ಮಿಲ್ಲಿನಲ್ಲಿ ಹಲಗೆ ಮಾಡಿಸಿ, ಅಡ್ಡಪಟ್ಟಿ ಇಟ್ಟು ನೆರಳಿನಲ್ಲಿ ಪೇರಿಸಿ ಒಣಗಿಸಿದ ನಂತರವಷ್ಟೇ ಮೇಜುಗರಗಸದ ಕೆಲಸ. ಒಂದು ಅಂಗುಲ ದಪ್ಪದ ಹಲಗೆ ಗಾಳಿಯಲ್ಲಿ ಒಣಗಲು ಸುಮಾರು ಒಂದು ವರ್ಷ ಬೇಕೆಂಬುದು ಹಳೆಯ ಲೆಕ್ಕ. ಮಲೆನಾಡಿನ ಮಳೆಗಾಲವನ್ನು ನೆನೆದರೆ ಈ ಲೆಕ್ಕದಲ್ಲಿ ಅವಸರ ಸಲ್ಲದು.

ಕಾನೂನಿನ ವಿಚಾರವೂ ಇದೆ. ಮರ ಸೀಳುವ ಘಟಕಗಳಿಗೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಗೋದಾವರ್ಮನ್ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ನೀಡಿದ ಆದೇಶದ ನಂತರ ಈ ನಿಯಮಗಳು ಬಿಗಿಯಾದುವು. ಮರ ಆಧಾರಿತ ಉದ್ದಿಮೆಗಳ ಬಗ್ಗೆ ಕೇಂದ್ರ ಸರಕಾರ 2016ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಯಂತ್ರಕ್ಕೆ ಮುಂಗಡ ಕೊಡುವ ಮೊದಲೇ ಬ್ಲೇಡಿನ ಅಳತೆ, ಮೋಟಾರಿನ ಶಕ್ತಿ, ಮಾಡಲಿರುವ ಕೆಲಸ ಇವನ್ನು ಬರೆದು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, ಉತ್ತರವನ್ನೂ ಬರಹದಲ್ಲಿ ಪಡೆಯುವುದು ಲೇಸು.

ಕ್ಯಾಬಿನೆಟ್ ಮಾದರಿ ಎಂದರೇನು?

ಮೇಜುಗರಗಸಗಳಲ್ಲಿ ಮುಖ್ಯವಾಗಿ ಎರಡು ತುದಿಗಳಿವೆ. ಒಂದು, ಎತ್ತಿಕೊಂಡು ಹೋಗಬಹುದಾದ ಹಗುರ ಯಂತ್ರ. ಇದರಲ್ಲಿ ಮಿಕ್ಸಿಯಲ್ಲಿರುವಂತೆ ಕಾರ್ಬನ್ ಬ್ರಷ್ ಇರುವ ಮೋಟಾರು ಇರುತ್ತದೆ. ಸದ್ದು ಹೆಚ್ಚು, ದೀರ್ಘ ದುಡಿಮೆಗೆ ಬಿಸಿಯಾಗುತ್ತದೆ. ಇನ್ನೊಂದು, ಕ್ಯಾಬಿನೆಟ್ ಯಂತ್ರ. ಇದರ ಮೇಜು ಬೀಡಿನದು. ಕೆಳಗೆ ಉಕ್ಕಿನ ತಗಡಿನ ಮುಚ್ಚಿದ ಪೆಟ್ಟಿಗೆ, ಅದರೊಳಗೆ ಪಂಪ್‌ಸೆಟ್ಟಿನಲ್ಲಿರುವಂಥ ಇಂಡಕ್ಷನ್ ಮೋಟಾರು, ಬೆಲ್ಟಿನ ಮೂಲಕ ತಿರುಗುವ ಬ್ಲೇಡು. ಅಮೆರಿಕದಲ್ಲಿ ಡೆಲ್ಟಾ ಕಂಪನಿ 1939ರಲ್ಲಿ ಹೊರತಂದ ‘ಯೂನಿಸಾ’ ಎಂಬ ಯಂತ್ರ ಈ ಜಾತಿಗೆ ಮಾದರಿಯಾಯಿತು. ಇಂದಿನ ಯಂತ್ರಗಳೂ ಬಹುಮಟ್ಟಿಗೆ ಅದೇ ಜಾಡಿನಲ್ಲಿವೆ.

ಮುಖ್ಯ ವ್ಯತ್ಯಾಸ ಕಣ್ಣಿಗೆ ಕಾಣದ ಜಾಗದಲ್ಲಿದೆ. ಬ್ಲೇಡನ್ನು ಏರಿಸುವ, ಓರೆ ಮಾಡುವ ಭಾರವಾದ ಅಚ್ಚು - ಇದನ್ನು ಟ್ರನಿಯನ್ ಎನ್ನುತ್ತಾರೆ - ಅಗ್ಗದ ಯಂತ್ರಗಳಲ್ಲಿ ಮೇಜಿನ ಅಡಿಗೆ ನೇತಾಡುತ್ತದೆ. ಕ್ಯಾಬಿನೆಟ್ ಯಂತ್ರದಲ್ಲಿ ಅದು ಪೆಟ್ಟಿಗೆಗೇ ಬೋಲ್ಟಾಗಿರುತ್ತದೆ. ಇದರಿಂದ ಅದುರು ಕಡಿಮೆ. ಅಲ್ಲದೆ ಬ್ಲೇಡು ಮತ್ತು ಮೇಜಿನ ಗಾಡಿ ಸಮಾನಾಂತರ ತಪ್ಪಿದಾಗ ಮೇಜಿನ ಬೋಲ್ಟುಗಳನ್ನಷ್ಟೇ ಸಡಿಲಿಸಿ ಸರಿಪಡಿಸಬಹುದು. ಅಂಗಡಿಯಲ್ಲಿ ಬಗ್ಗಿ ನೋಡಿ ಈ ಒಂದು ಅಂಶವನ್ನು ಖಚಿತಪಡಿಸಿಕೊಳ್ಳಿ. ಪೆಟ್ಟಿಗೆ ಇದ್ದ ಮಾತ್ರಕ್ಕೆ ಅದು ಕ್ಯಾಬಿನೆಟ್ ಯಂತ್ರವಾಗುವುದಿಲ್ಲ.

ತೂಕವೂ ಒಂದು ಗುರುತು. 10 ಅಂಗುಲ ಬ್ಲೇಡಿನ, 3 ಅಶ್ವಶಕ್ತಿಯ ಒಳ್ಳೆಯ ಯಂತ್ರ 200ರಿಂದ 250 ಕಿಲೋ ತೂಗುತ್ತದೆ. ಅಂದರೆ 50 ಕಿಲೋದ ನಾಲ್ಕೈದು ಕಾಫಿ ಮೂಟೆಗಳಷ್ಟು. ಈ ಭಾರವೇ ಯಂತ್ರವನ್ನು ನಡುಗದಂತೆ ಹಿಡಿದಿಡುತ್ತದೆ. ಹಾಗಾಗಿ ಕೊಟ್ಟಿಗೆಗೆ ಕಾಂಕ್ರೀಟು ನೆಲ ಬೇಕು. ಸಗಣಿ ಸಾರಿಸಿದ ಮಣ್ಣಿನ ನೆಲ ಇದಕ್ಕೆ ಆಗದು.

ವಿದ್ಯುತ್ತು: ಮೊದಲ ಪ್ರಶ್ನೆ

ಒಣಗಿದ ಹಲಸಿನಂಥ ಮರವನ್ನು ಎರಡು ಮೂರು ಅಂಗುಲ ದಪ್ಪದಲ್ಲಿ ಸೀಳಲು 3 ಅಶ್ವಶಕ್ತಿ ಬೇಕು. ಇದಕ್ಕೆ ಒಂದು ಫೇಸಿನಲ್ಲಿ ಪೂರ್ಣ ಭಾರದ ಮೇಲೆ ಸುಮಾರು 15 ಆಂಪಿಯರ್ ಕರೆಂಟು ಹರಿಯುತ್ತದೆ. ಮೂರು ಫೇಸಿನಲ್ಲಾದರೆ ತಂತಿಯೊಂದಕ್ಕೆ ಸುಮಾರು 5 ಆಂಪಿಯರ್ ಸಾಕು. ಶುರುವಾಗುವ ಕ್ಷಣದಲ್ಲಿ ಇದರ ಹಲವು ಪಟ್ಟು ಬೇಕಾಗುತ್ತದೆ. ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆ ವೋಲ್ಟೇಜು ಕುಸಿಯುವುದು ನಮಗೆ ಗೊತ್ತಿರುವ ಸಂಗತಿ. ಕಡಿಮೆ ವೋಲ್ಟೇಜಿನಲ್ಲಿ ದುಡಿಸಿದ ಮೋಟಾರು ಸುಡುತ್ತದೆ. ಆದ್ದರಿಂದ ಮೂರು ಫೇಸಿನ ಯಂತ್ರವೇ ಉತ್ತಮ.

ಆದರೆ ಪಂಪ್‌ಸೆಟ್ಟಿಗೆಂದು ಕೃಷಿ ದರದಲ್ಲಿ ಪಡೆದ ಸಂಪರ್ಕದಿಂದ ಮರಗೆಲಸದ ಯಂತ್ರ ಓಡಿಸುವಂತಿಲ್ಲ. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರಿನವರು ಮೆಸ್ಕಾಂ ಕಚೇರಿಯಲ್ಲೂ, ಕೊಡಗು, ಹಾಸನದವರು ಸೆಸ್ಕ್ ಕಚೇರಿಯಲ್ಲೂ, ಉತ್ತರ ಕನ್ನಡದವರು ಹೆಸ್ಕಾಂ ಕಚೇರಿಯಲ್ಲೂ ಬೇರೆ ಸಂಪರ್ಕದ ಖರ್ಚು ಕೇಳಿ, ಅದನ್ನು ಯಂತ್ರದ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು.

ಹೊರದೇಶದ ಯಂತ್ರವಾದರೆ ಮೋಟಾರಿನ ತಗಡಿನ ಮೇಲೆ 50 ಹರ್ಟ್ಸ್ ಎಂದಿದೆಯೇ ನೋಡಿ. ಅಮೆರಿಕದ 60 ಹರ್ಟ್ಸ್ ಮೋಟಾರು ನಮ್ಮಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ತಿರುಗುತ್ತದೆ.

ಇನ್ನೊಂದು ಮುಖ್ಯ ಮಾತು. ಕರೆಂಟು ಹೋಗಿ ಬಂದಾಗ ಪಂಪು ತಾನಾಗಿ ಓಡಲೆಂದು ನಾವು ಆಟೋ ಸ್ಟಾರ್ಟರ್ ಹಾಕಿರುತ್ತೇವೆ. ಗರಗಸಕ್ಕೆ ಅದನ್ನು ಎಂದೆಂದಿಗೂ ಹಾಕಬಾರದು. ಕರೆಂಟು ಹೋಯಿತೆಂದು ಬ್ಲೇಡಿನ ಬಳಿ ಕೈಯಿಟ್ಟು ಚಕ್ಕೆ ತೆಗೆಯುತ್ತಿರುವಾಗ ಕರೆಂಟು ಬಂದರೆ ಏನಾದೀತೆಂದು ಯೋಚಿಸಿ. ಕರೆಂಟು ಹೋದೊಡನೆ ಬಿಟ್ಟುಕೊಂಡು, ಮತ್ತೆ ಗುಂಡಿ ಒತ್ತಿದರೆ ಮಾತ್ರ ಹಿಡಿಯುವ ಮ್ಯಾಗ್ನೆಟಿಕ್ ಸ್ವಿಚ್ಚು ಇರುವ ಯಂತ್ರವನ್ನೇ ಕೊಳ್ಳಿ. ಅರ್ಥಿಂಗ್ ಸರಿಯಾಗಿರಲಿ.

ಕೈ ಉಳಿಸುವ ಭಾಗಗಳು

10 ಅಂಗುಲದ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಅದರ ಹಲ್ಲು ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಬ್ಲೇಡಿನ ಮುಂಭಾಗದ ಹಲ್ಲು ಮರವನ್ನು ಮೇಜಿಗೆ ಒತ್ತಿದರೆ, ಹಿಂಭಾಗದ ಹಲ್ಲು ಮೇಲಕ್ಕೆತ್ತುತ್ತದೆ. ಸೀಳಿದ ಹಲಗೆಯ ಎರಡು ಪಾಲು ಒಂದಕ್ಕೊಂದು ಕೂಡಿ ಬ್ಲೇಡನ್ನು ಹಿಂದಿನಿಂದ ಹಿಚುಕಿದಾಗ, ಆ ಹಲ್ಲುಗಳು ಹಲಗೆಯನ್ನೆತ್ತಿ ನಿಂತವನ ಹೊಟ್ಟೆಗೆ ಎಸೆಯುತ್ತವೆ. ಇದಕ್ಕೆ ಕಿಕ್‌ಬ್ಯಾಕ್ ಎಂದು ಹೆಸರು. ಸರಿಯಾಗಿ ಒಣಗದ, ಒಳಗೆ ಬಿಗಿತವಿರುವ ತೋಟದ ಮರದಲ್ಲಿ ಇದರ ಸಂಭವ ಹೆಚ್ಚು.

ಇದನ್ನು ತಡೆಯುವುದು ಬ್ಲೇಡಿನ ಹಿಂದೆ ನಿಂತಿರುವ ರೈವಿಂಗ್ ನೈಫ್ ಎಂಬ ಬಾಗಿದ ಉಕ್ಕಿನ ತಗಡು. ಅದು ಬ್ಲೇಡಿನೊಂದಿಗೇ ಏರಿ ಇಳಿಯಬೇಕು, ಓರೆಯಾಗಬೇಕು. ಅದರ ದಪ್ಪ ಬ್ಲೇಡಿನ ತಟ್ಟೆಗಿಂತ ಹೆಚ್ಚು, ಹಲ್ಲು ಕೊರೆಯುವ ಸೀಳಿಗಿಂತ ಕಡಿಮೆ ಇರಬೇಕು. ಇದಿಲ್ಲದ ಯಂತ್ರ ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ, ಎಷ್ಟೇ ಹೆಸರಾಂತ ಹಳೆಯ ಯಂತ್ರವಾದರೂ ಬೇಡ.

ಬೆರಳು ತಗಲಿದೊಡನೆ ನಿಲ್ಲುವ ಯಂತ್ರವೂ ಇದೆ. ಅಮೆರಿಕದ ಸ್ಟೀವ್ ಗ್ಯಾಸ್ ಎಂಬವರು 1999ರಲ್ಲಿ ಕಂಡುಹಿಡಿದ ಈ ಏರ್ಪಾಡು ‘ಸಾಸ್ಟಾಪ್’ ಹೆಸರಿನಲ್ಲಿ 2004ರಿಂದ ಮಾರಾಟಕ್ಕೆ ಬಂತು. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಮೈ ತಗಲಿದಾಗ ಅದು ಬದಲಾಗುತ್ತದೆ. ಕೂಡಲೆ ಅಲ್ಯೂಮಿನಿಯಮ್ ತುಂಡೊಂದು ಹಲ್ಲಿಗೆ ಬಡಿದು, ಸೆಕೆಂಡಿನ ಇನ್ನೂರರಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಬ್ಲೇಡು ನಿಲ್ಲುತ್ತದೆ. ಒಮ್ಮೆ ಬಡಿದರೆ ಆ ತುಂಡಿರುವ ಪೆಟ್ಟಿಗೆಯನ್ನು ಬದಲಿಸಬೇಕು. ಬ್ಲೇಡೂ ಸಾಮಾನ್ಯವಾಗಿ ಹಾಳಾಗುತ್ತದೆ. ತೀರ ಹಸಿ ಮರವನ್ನೂ ಅದು ಕೈಯೆಂದೇ ತಿಳಿಯಬಹುದು. ಬೆಲೆಯೂ ಹೆಚ್ಚು. ಆದರೂ ಬೆರಳಿನ ಬೆಲೆಯೊಡನೆ ತೂಗಿ ನೋಡಬೇಕಾದ ಲೆಕ್ಕ ಅದು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆಗಳು

1. ಮೇಜಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಉಕ್ಕಿನ ನೇರಪಟ್ಟಿ ಇಟ್ಟು ನೋಡಿ. ಅಡಿಯಲ್ಲಿ ಕಾಲು ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು.

2. ಬ್ಲೇಡಿನ ಒಂದು ಹಲ್ಲಿಗೆ ಗುರುತು ಹಾಕಿ, ಮೇಜಿನ ಗಾಡಿಯಿಂದ ಅದರ ದೂರವನ್ನು ಮುಂದೆ ಒಮ್ಮೆ, ಬ್ಲೇಡು ತಿರುಗಿಸಿ ಹಿಂದೆ ಒಮ್ಮೆ ಅಳೆಯಿರಿ. ವ್ಯತ್ಯಾಸ 0.1 ಮಿ.ಮೀ. ಒಳಗಿರಲಿ. ಬ್ಲೇಡನ್ನು 45 ಡಿಗ್ರಿಗೆ ಓರೆ ಮಾಡಿ ಇನ್ನೊಮ್ಮೆ ಅಳೆಯಿರಿ.

3. ಫೆನ್ಸಿಗೆ ಬೀಗ ಹಾಕಿ ಹಿಂತುದಿಯನ್ನು ಕೈಯಿಂದ ತಳ್ಳಿರಿ. ಅಲುಗಬಾರದು. ಹತ್ತು ಸಲ ಸರಿಸಿ ಬೀಗ ಹಾಕಿದರೂ ಬ್ಲೇಡಿಗೆ ಸಮಾನಾಂತರವಾಗಿಯೇ ನಿಲ್ಲಬೇಕು.

4. ಮೇಜಿನ ಮೇಲೆ ನಾಣ್ಯವೊಂದನ್ನು ಅಂಚಿನ ಮೇಲೆ ನಿಲ್ಲಿಸಿ, ಯಂತ್ರ ಚಾಲೂ ಮಾಡಿಸಿ. ಬೀಳದಿದ್ದರೆ ಬೇರಿಂಗು, ಬೆಲ್ಟುಗಳು ಸರಿಯಿವೆಯೆಂದು ಬಹುಮಟ್ಟಿಗೆ ನಂಬಬಹುದು.

5. ಬ್ಲೇಡಿನ ಕಾವಲು ತೆಗೆದು ಹಾಕಲು ಸುಲಭವೇ ನೋಡಿ. ಕಷ್ಟವಾದರೆ ಒಮ್ಮೆ ತೆಗೆದವರು ಮತ್ತೆ ಹಾಕುವುದಿಲ್ಲ.

6. ಬ್ಲೇಡಿನ ನಡುವಿನ ತೂತಿನ ಅಳತೆ ಕೇಳಿ. ಆ ಅಳತೆಯ ಬ್ಲೇಡು ನಿಮ್ಮ ಪೇಟೆಯಲ್ಲಿ ಸಿಗದಿದ್ದರೆ ಯಂತ್ರ ಮೂಲೆಗೆ ಸೇರುತ್ತದೆ. ಬೆಲ್ಟು, ಬೇರಿಂಗು, ಸ್ವಿಚ್ಚಿನ ವಿಚಾರವೂ ಹೀಗೆಯೇ.

10 ಅಂಗುಲದ ಬ್ಲೇಡು ನೇರವಾಗಿ 3 ಅಂಗುಲಕ್ಕಿಂತ ಸ್ವಲ್ಪ ಹೆಚ್ಚು, 45 ಡಿಗ್ರಿಯಲ್ಲಿ 2 ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಆಳ ಕತ್ತರಿಸುತ್ತದೆ. ದಾರಂದ, ಪಕಾಸು, ಜೇನುಪೆಟ್ಟಿಗೆಗೆ ಇಷ್ಟು ಸಾಕು. ಉದ್ದಕ್ಕೆ ಸೀಳಲು 24 ಹಲ್ಲಿನದು, ಅಡ್ಡ ಕತ್ತರಿಸಲು 60 ಹಲ್ಲಿನದು, ಹೀಗೆ ಎರಡು ಬ್ಲೇಡು ಇಟ್ಟುಕೊಳ್ಳಿ. ಅಡಿಕೆ, ತೆಂಗಿನ ಮರದ ಹೊರಗಿನ ಗಟ್ಟಿ ನಾರು ಸಾಧಾರಣ ಉಕ್ಕಿನ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ಕಾರ್ಬೈಡ್ ತುದಿಯ ಹಲ್ಲೇ ಬೇಕು.

ಜಾಗ, ಪುಡಿ, ಮಳೆಗಾಲ

8 ಅಡಿಯ ಹಲಗೆ ಸೀಳಲು ಬ್ಲೇಡಿನ ಮುಂದೆ 8 ಅಡಿ, ಹಿಂದೆ 8 ಅಡಿ ತೆರವು ಬೇಕು. ಮರದ ಪುಡಿ ಹೀರುವ ಯಂತ್ರಕ್ಕೆ 4 ಅಂಗುಲದ ಕೊಳವೆಯ ಬಾಯಿ ಪೆಟ್ಟಿಗೆಯಲ್ಲಿರಲಿ. ಸಿಲ್ವರ್ ಓಕಿನ ಪುಡಿ ಕೆಲವರ ಮೈಗೆ ತುರಿಕೆ, ದದ್ದು ತರುತ್ತದೆ. ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ ಅಗತ್ಯ. ಕಾಫಿ ಬೀಜ ಹೊರಗಿನ ವಾಸನೆಯನ್ನು ಬೇಗ ಹೀರಿಕೊಳ್ಳುವುದರಿಂದ ಕೊಟ್ಟಿಗೆ ಕಾಫಿ ಕಣಕ್ಕೂ ದಾಸ್ತಾನು ಕೋಣೆಗೂ ದೂರವಿರಲಿ. ಅಡಿಕೆ ಬೇಯಿಸುವ ಒಲೆಗೂ ದೂರವಿರಲಿ. ಒಣ ಮರದ ಪುಡಿಗೆ ಒಂದು ಕಿಡಿ ಸಾಕು.

ಬೀಡಿನ ಮೇಜು ಜೂನ್ ಬಂದೊಡನೆ ತುಕ್ಕು ಹಿಡಿಯುತ್ತದೆ. ಒಣಗಿಸಿ ಒರೆಸಿ, ಮೇಣ ತಿಕ್ಕಿ ಹೊಳಪು ಬರಿಸಿಡಿ. ಎಣ್ಣೆ ಮರಕ್ಕೆ ಕಲೆ ಹಿಡಿಸುತ್ತದೆ. ಗೋಣಿ ಮುಚ್ಚಬೇಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ.

ಯಾರು ಕೊಳ್ಳಬೇಕು?

ವರ್ಷಕ್ಕೆ ಎರಡು ಕಿಟಕಿ, ಒಂದು ಏಣಿ ಮಾಡುವವರಿಗೆ ಈ ಯಂತ್ರ ಬೇಡ. ಅವರಿಗೆ ಒಳ್ಳೆಯ ಕೈಗರಗಸವೋ ಪರವಾನಗಿ ಇರುವ ಮಿಲ್ಲೋ ಸಾಕು. ಆದರೆ ಜೇನುಪೆಟ್ಟಿಗೆಯಂಥ ಕೆಲಸದಲ್ಲಿ ಅಳತೆಯೇ ಪ್ರಾಣ. ಚೌಕಟ್ಟಿನ ಸಂದು ಹೆಚ್ಚಾದರೆ ನೊಣ ಅಲ್ಲಿ ಬೇಡದ ಎರಿ ಕಟ್ಟುತ್ತದೆ, ಕಡಿಮೆಯಾದರೆ ಅಂಟಿಸಿಬಿಡುತ್ತದೆ. ಅಂಥ ಒಂದೇ ಅಳತೆಯ ತುಂಡುಗಳನ್ನು ನೂರಾರು ಸಂಖ್ಯೆಯಲ್ಲಿ ಮಾಡುವವರಿಗೆ ಕ್ಯಾಬಿನೆಟ್ ಯಂತ್ರಕ್ಕೆ ಸಮನಾದುದಿಲ್ಲ. ಐದಾರು ಮಂದಿ ನೆರೆಹೊರೆಯವರು ಸೇರಿ ಕೊಳ್ಳುವುದಾದರೆ ಖರ್ಚೂ ಹಗುರವಾಗುತ್ತದೆ. ಆಗ ಒಂದು ನಿಯಮವಿರಲಿ: ಯಂತ್ರ ಎಲ್ಲರದು, ಆದರೆ ಅದನ್ನು ಓಡಿಸುವವರು ಸರಿಯಾಗಿ ಕಲಿತ ಒಬ್ಬಿಬ್ಬರು ಮಾತ್ರ.

ಓಡಿಸುವವರು ಹೆಗಲ ಬೈರಾಸು ಕೆಳಗಿಡಬೇಕು, ಪಂಚೆ ಬಿಟ್ಟು ಚಡ್ಡಿಯನ್ನೋ ಪ್ಯಾಂಟನ್ನೋ ಹಾಕಬೇಕು, ಕೈಚೀಲ ತೊಡಬಾರದು. ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಸಪೂರ ತುಂಡನ್ನು ಕೈಯಿಂದಲ್ಲ, ತಳ್ಳುಕೋಲಿನಿಂದ ತಳ್ಳಬೇಕು. ಚಕ್ಕೆ ತೆಗೆಯುವ ಮೊದಲು ಸ್ವಿಚ್ಚು ಆರಿಸಿ, ಬ್ಲೇಡು ಪೂರ್ತಿ ನಿಲ್ಲುವವರೆಗೆ ಕಾಯಬೇಕು. ದಣಿದಿರುವಾಗ, ಸಂಜೆಗತ್ತಲಲ್ಲಿ, ಮಾತನಾಡುತ್ತ ಈ ಕೆಲಸ ಮಾಡಬಾರದು. ಕೊಯ್ಲಿಗೂ ಕಸಿಗೂ ಮರ ಏರುವುದಕ್ಕೂ ನಮಗೆ ಬೇಕಾಗಿರುವುದು ಇದೇ ಹತ್ತು ಬೆರಳುಗಳು ಎಂಬುದನ್ನು ಯಂತ್ರ ಆರಿಸುವಾಗಲೂ, ಓಡಿಸುವಾಗಲೂ ಮರೆಯದಿರೋಣ.