ರಣಹದ್ದಿಗೆ ವಿಷ, ಮಂಡಿ ನೋವಿಗೆ ಮದ್ದು!

ರಾಮನಗರ ರೇಷ್ಮೆಯ ಊರು. ಬಿಸಿನೀರಿನ ಮುಂದೆ ಕೂತು ದಿನವಿಡೀ ಗೂಡಿನ ನೂಲು ಬಿಚ್ಚುವವರು, ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು – ಸಂಜೆಯಾದರೆ ಇವರ ಸೊಂಟ ಹಿಡಿದಿರುತ್ತೆ, ಮಂಡಿ ಮಾತು ಕೇಳುವುದಿಲ್ಲ. ಡಾಕ್ಟರ ಬಳಿ ಹೋದರೆ ಅರ್ಧ ದಿನದ ಕೂಲಿ ಖೋತಾ. ಮೆಡಿಕಲ್ ಸ್ಟೋರಾದರೆ ಎರಡೇ ನಿಮಿಷ.

"ಹೋದ ಸಲದ ಗುಳಿಗೇನೇ ಕೊಡಪ್ಪ."

"ಚೀಟಿ ಐತಾ ಅವ್ವಾ?"

"ಚೀಟಿ ಯಾಕಪ್ಪ, ಮಂಡಿ ನೋವಿಂದು ಕಣಪ್ಪ."

ಕತ್ತರಿ ಕಚಕ್ ಎನ್ನುತ್ತೆ. ಶೀಟಿನಿಂದ ನಾಲ್ಕು ಗುಳಿಗೆ ಕೈಗೆ ಬರುತ್ತೆ. ಔಷಧದ ಹೆಸರು ಒಂದು ತುಂಡಿನಲ್ಲಿ, ಅವಧಿ ಮುಗಿಯುವ ತಾರೀಖು ಇನ್ನೊಂದು ತುಂಡಿನಲ್ಲಿ! ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂಬ ಎಚ್ಚರಿಕೆಯೂ ಅಲ್ಲೇ ಎಲ್ಲೋ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಇಂಥ ವ್ಯಾಪಾರ ಯಾವ ಊರಿನ ಅಂಗಡಿಯ ಮುಂದೆ ನಿಂತರೂ ಕಾಣುತ್ತೆ.

ಆ ಗುಳಿಗೆ ಬಹಳ ಸಲ ಡೈಕ್ಲೋಫೆನಾಕ್ ಆಗಿರುತ್ತೆ, ಇಲ್ಲವೇ ಅದರ ದಾಯಾದಿ. ಇದರ ಕಥೆ ರಾಮನಗರದವರಿಗೆ ತಿಳಿದಿರಬೇಕು. ಊರ ಪಕ್ಕದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಹದ್ದಿಗೆ ಧಾಮ ಬೇಕಾದದ್ದೇಕೆ? 1990ರ ದಶಕದಿಂದ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಾಣೆಯಾದವು. ಕಾರಣ ಗೊತ್ತಾದದ್ದು 2004ರಲ್ಲಿ. ದನಕ್ಕೆ ನೋವೆಂದು ಡೈಕ್ಲೋಫೆನಾಕ್ ಚುಚ್ಚುತ್ತಿದ್ದರು. ಆ ದನ ಸತ್ತರೆ ಅದರ ಮಾಂಸ ತಿಂದ ಹದ್ದಿನ ಕಿಡ್ನಿ ಕೆಟ್ಟು ಹದ್ದೂ ಸಾಯುತ್ತಿತ್ತು. 2006ರಲ್ಲಿ ದನಕರುಗಳಿಗೆ ಈ ಔಷಧ ಕೊಡುವುದನ್ನು ಸರಕಾರ ನಿಷೇಧಿಸಿತು.

ಮನುಷ್ಯ ಹದ್ದಲ್ಲ, ನಿಜ. ವೈದ್ಯರು ಬರೆದುಕೊಟ್ಟಷ್ಟು ದಿನ ನುಂಗಿದರೆ ಹೆಚ್ಚಿನವರಿಗೆ ತೊಂದರೆಯಿಲ್ಲ; ನೋವು ತಿನ್ನುತ್ತಾ ಕೂರಬೇಕಾಗಿಯೂ ಇಲ್ಲ. ಕೇಡಿರುವುದು ತಿಂಗಳುಗಟ್ಟಲೆ ಕಡಲೆಬೀಜದ ಹಾಗೆ ನುಂಗುವುದರಲ್ಲಿ. ದೇಹದಲ್ಲಿ ನೋವು, ಊತ ಎಬ್ಬಿಸುವ ರಾಸಾಯನಿಕವನ್ನು ಈ ಗುಳಿಗೆ ತಡೆಯುತ್ತೆ. ಆದರೆ ಕಿಡ್ನಿಗೆ ಸರಿಯಾಗಿ ರಕ್ತ ಹರಿಯಲು, ಹೊಟ್ಟೆಯ ಒಳಗೋಡೆ ಉಳಿಯಲು ಬೇಕಾದದ್ದೂ ಅದೇ ಜಾತಿಯ ರಾಸಾಯನಿಕ! ವಯಸ್ಸಾದವರು, ಬಿಪಿ, ಸಕ್ಕರೆ ಅಥವಾ ಹೃದಯದ ಕಾಯಿಲೆ ಇರುವವರು, ಮೂತ್ರ ಇಳಿಸುವ ಮಾತ್ರೆ ನುಂಗುವವರು, ಬೆವರು ಸುರಿಸಿ ನೀರು ಕುಡಿಯದವರು – ಇವರಿಗೆ ಅಪಾಯ ಹೆಚ್ಚು.

"ಜೊತೇಲಿ ಗ್ಯಾಸಿನ ಮಾತ್ರೆ ತಗೊಂಡ್ರೆ ಏನೂ ಆಗಲ್ಲ ಬಿಡಿ" ಎನ್ನುವವರುಂಟು. ಆ ಮಾತ್ರೆ ಕಾಯುವುದು ಹೊಟ್ಟೆಯನ್ನು. ಕಿಡ್ನಿಯನ್ನಲ್ಲ.

ಇನ್ನೊಂದು ಮೋಸ ಹೆಸರಿನದು. ಕಂಪನಿಗೊಂದು ಹೆಸರು, ಒಳಗಿನ ಸರಕು ಒಂದೇ. ಸೊಂಟಕ್ಕೆಂದು ಒಂದು, ಹಲ್ಲಿಗೆಂದು ಇನ್ನೊಂದು ನುಂಗಿದವನು ಒಂದೇ ಔಷಧವನ್ನು ಎರಡು ಪಟ್ಟು ನುಂಗಿರುತ್ತಾನೆ. ನೋವಿನ ಜೋಡಿ ಗುಳಿಗೆಗಳಲ್ಲಿ ಹಲವಕ್ಕೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬೆರೆತಿರುತ್ತೆ. ಅದು ತಿಳಿಯದೆ ಜ್ವರಕ್ಕೆಂದು ಮೇಲೆ 650ರ ಮಾತ್ರೆ. ದೊಡ್ಡವರಿಗೂ ದಿನಕ್ಕೆ ಒಟ್ಟು 4 ಗ್ರಾಂ ಪ್ಯಾರಾಸಿಟಮಾಲ್ ಮೀರಬಾರದು. ಮೀರಿದರೆ ಪೆಟ್ಟು ಬೀಳುವುದು ಲಿವರಿಗೆ. ಕುಡಿಯುವ ಅಭ್ಯಾಸವಿದ್ದವರಿಗೆ ಮಿತಿ ಇನ್ನೂ ಕಡಿಮೆ.

ಡೆಂಗಿ ಕಾಲದಲ್ಲಂತೂ ಮೈಕೈ ನೋವೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ನುಂಗಲೇಬಾರದು. ರಕ್ತಸ್ರಾವಕ್ಕೆ ದಾರಿಯಾದೀತು. ಗರ್ಭಿಣಿಯರೂ ವೈದ್ಯರನ್ನು ಕೇಳದೆ ಮುಟ್ಟಬಾರದು. "ನಂಗೆ ವಾಸಿ ಆಯ್ತು, ನೀನೂ ತಗೊ" ಎಂದು ಪಕ್ಕದ ಮನೆಯವರಿಗೆ ಗುಳಿಗೆ ದಾನ ಮಾಡುವುದು ಪುಣ್ಯದ ಕೆಲಸವಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಈಗಾಗಲೇ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮುಂದೆ ಸುರಿಯಬೇಕು. ಎಷ್ಟು ದಿನ, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಬಾಯಿಬಿಟ್ಟು ಕೇಳಬೇಕು. ಮಂಡಿಗೆ ಹಚ್ಚುವ ಮುಲಾಮೇ ಸಾಕೇ ಎಂದೂ ಕೇಳಬಹುದು. ಮಲ ಕಪ್ಪಾದರೆ, ಮೂತ್ರ ಕಡಿಮೆಯಾದರೆ, ಮುಖ ಕಾಲು ಊದಿದರೆ ಗುಳಿಗೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಓಡಬೇಕು. ಕೆಟ್ಟ ಕಿಡ್ನಿಗೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಅಂತಾದರೆ ಹೋಗುವುದು ಅರ್ಧ ದಿನದ ಕೂಲಿಯಲ್ಲ, ಮನೆಯ ದುಡಿಮೆಯೇ.

ಬೆಟ್ಟದ ಹದ್ದಿಗೆ ತಾನು ತಿಂದದ್ದರಲ್ಲಿ ಏನಿದೆಯೆಂದು ತಿಳಿಯುವ ದಾರಿಯಿರಲಿಲ್ಲ. ಮನುಷ್ಯನಿಗೆ ಶೀಟಿನ ಹಿಂದೆ ಬರೆದಿಟ್ಟಿದ್ದಾರೆ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳ ಕೈಲಿ ಓದಿಸಿದರಾಯಿತು – ಕತ್ತರಿ ಬೀಳುವ ಮುಂಚೆ.