ಕೊರಳು ಬದಲಾದಾಗ ಶ್ರುತಿ

ಮಂಡಿಕಲ್ಲಿನ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ತಾಲೀಮು ನೋಡಿದ್ದರೆ ನಿಮಗೆ ಇದು ಗೊತ್ತಿರುತ್ತದೆ. ಹೋದ ಸಲದ ಕೃಷ್ಣ ಈ ಸಲ ಇಲ್ಲ, ಪಾತ್ರಕ್ಕೆ ಹೊಸಬರು ಬಂದಿದ್ದಾರೆ. ಹಾರ್ಮೋನಿಯಂ ಮೇಷ್ಟ್ರು ಅವರನ್ನು ಎದುರಿಗೆ ಕೂರಿಸಿಕೊಂಡು ಒಂದೆರಡು ಕಂದ ಹಾಡಿಸುತ್ತಾರೆ. ಕೊರಳು ಎಲ್ಲಿ ಸಲೀಸಾಗಿ ಓಡುತ್ತದೆ, ಎಲ್ಲಿ ಬಿಗಿಯುತ್ತದೆ ಎಂದು ನೋಡಿ ಶ್ರುತಿಯನ್ನು ಎರಡು ಮನೆ ಕೆಳಗಿಳಿಸುತ್ತಾರೆ. ಮಟ್ಟು ಮಾತ್ರ ಅದೇ.

ಇಷ್ಟು ಅನುಕೂಲ ಜಗತ್ಪ್ರಸಿದ್ಧ ರಾಕ್ ತಂಡವೊಂದರ ಗಾಯಕರಿಗೆ ದೊರೆಯಲಿಲ್ಲ. ತಂಡದ ಹೆಸರು ಐರನ್ ಮೇಡನ್. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ ಇಂಗ್ಲೆಂಡಿನ ತಂಡವೇ ಇದು. ಭಾರತದಲ್ಲಿ ಅದರ ಮೊದಲ ಕಾರ್ಯಕ್ರಮವೂ ಅದೇ. ಹಾರ್ಡ್ ರಾಕ್‌ನಿಂದ ಕವಲೊಡೆದ, ಇನ್ನೂ ಬಿರುಸಾದ ಹೆವಿ ಮೆಟಲ್ ಇವರ ಶೈಲಿ. 1981ರಲ್ಲಿ ತಂಡ ಸೇರಿದ ಬ್ರೂಸ್ ಡಿಕಿನ್ಸನ್ ಅವರದು ತಾರಸ್ಥಾಯಿಯಲ್ಲಿ ಸರಾಗವಾಗಿ ನಿಲ್ಲುವ ಧ್ವನಿ. ಹನ್ನೆರಡು ವರ್ಷ ಹಾಡುಗಳೆಲ್ಲ ಆ ಎತ್ತರಕ್ಕೇ ಹುಟ್ಟಿದವು. 1993ರಲ್ಲಿ ಅವರು ತಂಡ ಬಿಟ್ಟರು.

ಅವರ ಜಾಗಕ್ಕೆ ಬಂದವರು ಬ್ಲೇಜ್ ಬೇಲಿ. ಅವರದು ತಗ್ಗು ಶ್ರುತಿಯ, ತುಸು ಕಪ್ಪುಗಟ್ಟಿದಂಥ ಕೊರಳು. 1995ರ ಅಕ್ಟೋಬರ್‌ನಲ್ಲಿ 'ದಿ ಎಕ್ಸ್ ಫ್ಯಾಕ್ಟರ್' ಹೊರಬಂತು. ತಂಡದ ಹತ್ತನೆಯ ಸ್ಟುಡಿಯೋ ಆಲ್ಬಂ ಇದು. ರೋಮನ್ ಅಂಕಿಯಲ್ಲಿ ಹತ್ತೆಂದರೆ ಎಕ್ಸ್ ತಾನೆ! ಇದರ ಹಲವು ಹಾಡುಗಳ ರಚನೆಯಲ್ಲಿ ಬೇಲಿಯವರ ಕೈಯೂ ಇತ್ತು. ಲಯ ನಿಧಾನ, ಬಣ್ಣ ಮಬ್ಬು. ಹಿಂದಿನ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು, ಇದು 8ಕ್ಕೆ ನಿಂತಿತು. ಆದರೂ ಈ ಹಾಡುಗಳು ಅವರ ಕೊರಳಿಗೆ ಹೊಂದಿದ್ದವೆಂದೇ ನನ್ನ ಅಭಿಪ್ರಾಯ.

ತೊಡಕಾದದ್ದು ವೇದಿಕೆಯ ಮೇಲೆ. ಜನ ಹಳೆಯ ಹಾಡುಗಳನ್ನೂ ಕೇಳುತ್ತಾರೆ. ತಂಡ ಅವುಗಳ ಶ್ರುತಿ ಇಳಿಸಲಿಲ್ಲ.

ಇಳಿಸಿದರೆ ಏನಾಗುತ್ತಿತ್ತು? ಹಾರ್ಮೋನಿಯಂನಲ್ಲಿ ಬೆರಳು ಸರಿಸಿದರೆ ಸಾಕು, ಗಿಟಾರ್‌ನಲ್ಲಿ ಅಷ್ಟು ಸುಲಭವಲ್ಲ. ಅದರ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಇಂಥ ಸಂಗೀತದ ಎಷ್ಟೋ ಮಟ್ಟುಗಳು ಬೆರಳೊತ್ತದೆ ಬಿಟ್ಟ ಆ ತಂತಿಯ ಮೇಲೇ ನಿಂತಿರುತ್ತವೆ. ಎರಡು ಮನೆ ಇಳಿಸಬೇಕಾದರೆ ಕಂಪನವನ್ನು 73ಕ್ಕೆ ತರಬೇಕು. ಬಿಗಿತವು ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾದ್ದರಿಂದ ತಂತಿಯನ್ನು ಶೇಕಡಾ 20ರಷ್ಟು ಸಡಿಲಿಸಬೇಕಾಗುತ್ತದೆ. ಆಗ ನಾದದ ಚುರುಕು ಕುಂದುತ್ತದೆ. ದಪ್ಪ ತಂತಿ ಹಾಕಿಯೋ ಬೇರೆ ಗಿಟಾರ್ ಇಟ್ಟುಕೊಂಡೋ ಇದನ್ನು ಸರಿಪಡಿಸಬಹುದು. ಎಷ್ಟೋ ತಂಡಗಳು ಹಾಗೆ ಮಾಡಿವೆ.

ಕೊರಳಿಗೆ ಮಾತ್ರ ಬೇರೆ ತಂತಿ ಹಾಕಲು ಬರುವುದಿಲ್ಲ. ಮಾತನಾಡುವಾಗ ಗಂಡಸಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 150 ಸಲ ಕಂಪಿಸುತ್ತವೆ. ತಾರಸ್ಥಾಯಿಯ ಹಾಡಿನಲ್ಲಿ ಅದು 400 ದಾಟುತ್ತದೆ. ಒಗ್ಗದ ಎತ್ತರದಲ್ಲಿ ದಿನವೂ ಕೂಗಿ ಹಾಡಿದರೆ ಧ್ವನಿತಂತುಗಳು ಊದಿಕೊಳ್ಳುತ್ತವೆ. ಬೇಲಿಯವರ ಧ್ವನಿ ಕೈಕೊಟ್ಟು ಕೆಲವು ಕಾರ್ಯಕ್ರಮಗಳು ರದ್ದಾದವು. ಟೀಕೆ ಬಂದದ್ದೂ ಅವರ ಮೇಲೆಯೇ. 1998ರಲ್ಲಿ ಇನ್ನೊಂದು ಆಲ್ಬಂ ಬಂತು. 1999ರಲ್ಲಿ ಡಿಕಿನ್ಸನ್ ಮರಳಿದರು, ಬೇಲಿ ಹೊರನಡೆಯಬೇಕಾಯಿತು. ಮರುವರ್ಷವೇ ಅವರು ಸ್ವಂತ ತಂಡ ಕಟ್ಟಿಕೊಂಡು 'ಸಿಲಿಕಾನ್ ಮೆಸ್ಸಾಯ' ಎಂಬ ಆಲ್ಬಂ ತಂದರು.

ನೀವೇ ಹೋಲಿಸಿ ನೋಡಬಹುದು. 'ಎಕ್ಸ್ ಫ್ಯಾಕ್ಟರ್' ಶುರುವಾಗುವುದೇ 'ಸೈನ್ ಆಫ್ ದಿ ಕ್ರಾಸ್' ಎಂಬ ಹನ್ನೊಂದು ನಿಮಿಷ ಮೀರಿದ ಹಾಡಿನಿಂದ. 2001ರ ಜನವರಿಯಲ್ಲಿ ರಿಯೋ ನಗರದಲ್ಲಿ ಡಿಕಿನ್ಸನ್ ಇದನ್ನೇ ಹಾಡಿದ ಧ್ವನಿಮುದ್ರಣವೂ ಇದೆ. ರಿಯೋದ ಜನಸಾಗರದ ಗದ್ದಲಕ್ಕೆ ಮರುಳಾಗುವ ಮೊದಲು 1995ರದನ್ನು ಒಮ್ಮೆ ಪೂರ್ತಿ ಕೇಳಿ.